ಹಂಚಿನ ತಳದ ಬಣ್ಣ

ಮೊದಲ ದಿನವೇ ಒಂದು ಮಾತು ಆಡಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ರಾಮಲಿಂಗ ಆಡಲಿಲ್ಲ.

ದೀಪಾವಳಿ ಕಳೆದ ವಾರ ಅದು. ನೆಹರು ನಗರದಿಂದ ಬೆಳಗಾವಿಯ ಒಳಕ್ಕೆ ಇಳಿಯುವ ರಸ್ತೆಗೆ ಹತ್ತಿಕೊಂಡೇ ಕಲಂದರ ಚಾಚಾನ ಮನೆ. ಅದರ ತಾರಸಿಗೆ ಹಮಾಲರು ಒಂದು ತಗಡಿನ ಪೆಟ್ಟಿಗೆಯನ್ನು ಹೊತ್ತು ತಂದು ಇಳಿಸಿದರು. ಸೊಂಟದೆತ್ತರದ ಪೆಟ್ಟಿಗೆ. ಮೇಲೆ ಗುಡಿಸಲಿನ ಮಾಡಿನಂಥ ಇಳಿಜಾರು ಮುಚ್ಚಳ, ಮುಚ್ಚಳದ ಕೆಳಗೊಂದು ಜಾಳಿಗೆ, ಜಾಳಿಗೆಯ ಮೇಲೆ ಹಾಸಲು ಬಿಳಿ ಕಾಗದ. ಗುಂಡಿ ಒತ್ತಿದರೆ ಒಳಗಿನ ಮೋಟಾರು ರಸ್ತೆಯ ಗಾಳಿಯನ್ನು ಮೇಲಿನಿಂದ ಎಳೆದುಕೊಂಡು, ಕಾಗದದ ಮೂಲಕ ಹಾಯಿಸಿ, ಕೆಳಗಿನ ಕಿಂಡಿಯಿಂದ ಹೊರಗೆ ದಬ್ಬುತ್ತಿತ್ತು. ಧೂಳು, ಮಸಿ ಎಲ್ಲ ಕಾಗದಕ್ಕೆ ಅಂಟುತ್ತಿತ್ತು. ಎಂಟು ತಾಸಿಗೊಮ್ಮೆ ಕಾಗದ ಬದಲಿಸುವುದು, ಬಿಚ್ಚಿದ್ದನ್ನು ಪ್ರಯೋಗಾಲಯಕ್ಕೆ ಒಯ್ದು ತೂಗುವುದು, ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಬರೆದಿಡುವುದು ರಾಮಲಿಂಗನ ಕೆಲಸ. ಸೋಮವಾರ ಮತ್ತು ಗುರುವಾರ, ವಾರಕ್ಕೆ ಎರಡು ದಿನ.

ಬರೀ ಅಳೆಯುವ ಯಂತ್ರ. ಗಾಳಿಯನ್ನು ತೊಳೆಯುವ ಯಂತ್ರವಲ್ಲ.

ಆ ದಿನ ಚಾಚಾ ಮೂರು ಮೆಟ್ಟಿಲಿಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತ ತಾರಸಿಗೆ ಹತ್ತಿ ಬಂದಿದ್ದರು. ಇಪ್ಪತ್ತೇಳು ವರ್ಷ ಆಟೊ ಓಡಿಸಿದವರು. ಈಗ ಆಟೊ ಇರಲಿಲ್ಲ. ಅದರ ಹಿಂದಿನ ಸೀಟೊಂದನ್ನು ಮಾತ್ರ ಬಿಚ್ಚಿ ತಾರಸಿಯ ಮೇಲೆ ಇಟ್ಟುಕೊಂಡಿದ್ದರು. ಅದರ ಮೇಲೆ ಕುಸಿದು ಕೂತು, ಮೋಟಾರಿನ ಭೋರೆಂಬ ಸದ್ದಿನ ನಡುವೆ ಕೂಗಿ ಕೇಳಿದರು.

"ಏನ್ ತಮ್ಮಾ, ಇದು ಹೊಗಿ ಕುಡೀತೈತೇನ?"

ರಾಮಲಿಂಗ ಹೌದೆಂಬಂತೆ ತಲೆಯಾಡಿಸಿದ. ವಿವರಿಸಿ ಹೇಳಬೇಕೆಂದರೆ ಕೂಗಬೇಕಿತ್ತು. ಅವನಿಗೆ ಕೂಗಿ ಅಭ್ಯಾಸವಿರಲಿಲ್ಲ, ಮಾತಾಡಿಯೇ ಅಭ್ಯಾಸವಿರಲಿಲ್ಲ. ಹೊಗೆ ಕುಡಿಯುತ್ತದೆ ಎನ್ನುವುದು ಪೂರ್ತಿ ಸುಳ್ಳೂ ಆಗಿರಲಿಲ್ಲವಲ್ಲ.

ಸದಾಶಿವನಗರದಲ್ಲಿ ಅವನದೊಂದು ಬಾಡಿಗೆ ಖೋಲಿ. ಖಾನಾಪುರ ತಾಲೂಕಿನ ಪಾರಿಶ್ವಾಡದಿಂದ ಬಿ.ಎಸ್ಸಿ. ಓದಲು ಬಂದವ ಅಲ್ಲೇ ಉಳಿದುಬಿಟ್ಟಿದ್ದ. ಊರಲ್ಲಿ ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ. ಅಣ್ಣ ತಮ್ಮಂದಿರ ನಡುವೆ ಜಗಳವೇನಿರಲಿಲ್ಲ, ಮಾತೂ ಇರಲಿಲ್ಲ. ಒಮ್ಮೆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ರಾಮಲಿಂಗ ಒಬ್ಬರೊಡನೆಯೂ ಮಾತಾಡದೆ ಇದ್ದುಬಿಟ್ಟಿದ್ದ. ಸೋಮವಾರ ಹಾಲಿನವನಿಗೆ "ಅರ್ಧ ಲೀಟರ್" ಎನ್ನಲು ಹೋದರೆ ಗಂಟಲಿನಿಂದ ಬಂದದ್ದು ತುಕ್ಕು ಹಿಡಿದ ಬಾಗಿಲಿನ ಸದ್ದು. ಅವತ್ತು ಅವನಿಗೆ ಸ್ವಲ್ಪ ಹೆದರಿಕೆಯಾಗಿತ್ತು.

ಎರಡನೆಯ ವಾರ ಮಧ್ಯಾಹ್ನ ಎರಡಕ್ಕೆ ಕಾಗದ ಬದಲಿಸಲು ಬಂದಾಗ ಆಟೊ ಸೀಟಿನ ಜಾಗ ಬದಲಾಗಿತ್ತು. ಯಂತ್ರದ ಗಾಳಿ ಹೊರಬೀಳುವ ಕಿಂಡಿಗೆ ಎದುರಾಗಿ ಅದನ್ನು ಎಳೆದಿಟ್ಟುಕೊಂಡು ಚಾಚಾ ಕೂತಿದ್ದರು. ಕಣ್ಣು ಮುಚ್ಚಿ, ಬಾಯಿ ತುಸು ತೆರೆದು, ಮೈಮೇಲೆ ಬರೀ ಬನಿಯನ್ನು. ಉಸಿರಾಡುವಾಗ ಅವರ ಎದೆಯೊಳಗಿಂದ ಬರುತ್ತಿದ್ದ ಸಿಳ್ಳೆ ಮೋಟಾರಿನ ಸದ್ದಿನಲ್ಲಿ ಮುಳುಗಿ ಹೋಗಿತ್ತು.

"ಬಾ ಬಾ ಡಾಕ್ಟರ್," ಎಂದರು. "ಇದರ ಮುಂದ ಕೂತ್ರ ಉಸರ ಹಗರ ಆಕ್ಕೈತಿ ನೋಡು. ಮ್ಯಾಲಿಂದ ಹೊಲಸ ಎಳಕೊಂತೈತಿ, ಕೆಳಗಿಂದ ಸೋಸಿದ್ದು ಬಿಡತೈತಿ. ಹೌದಿಲ್ಲೋ?"

ಸೋಸಿದ್ದು ಬಿಡುತ್ತಿದ್ದದ್ದು ನಿಜ. ಆ ಗಾಳಿ ಕಿಂಡಿಯಿಂದ ಒಂದು ಮೊಳ ದಾಟುವುದರೊಳಗೆ ರಸ್ತೆಯ ಗಾಳಿಯಲ್ಲಿ ಬೆರೆತುಹೋಗುತ್ತಿದ್ದದ್ದೂ ಅಷ್ಟೇ ನಿಜ. ಕೆರೆಗೆ ಒಂದು ತಂಬಿಗೆ ಸಿಹಿನೀರು ಸುರಿದ ಹಾಗೆ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚಾಚಾನ ಹೆಂಡತಿ ಶಮಶಾದ ಚಾಚಿ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಚಹಾದ ಎರಡು ಕಪ್ಪು.

"ಇಷ್ಟ ದಿನಾ ಬಂದು ಹೋಗ್ತೀ, ಒಂದ್ ಕಪ್ ಚಾ ಕುಡದಿಲ್ಲ. ನಮ್ಮ ಮನ್ಯಾಗಿಂದು ನಡಿಯಾಂಗಿಲ್ಲೇನ?"

"ಹಂಗೇನಿಲ್ರಿ ಚಾಚಿ."

"ಮತ್ತ ಕುಂದರು."

ರಾಮಲಿಂಗ ಕೂತ. ಚಹಾಕ್ಕೆ ಶುಂಠಿ ಜಾಸ್ತಿಯಾಗಿತ್ತು. ಆ ಮೇಲಿನ ಮೂರು ತಿಂಗಳು ಸೋಮವಾರ, ಗುರುವಾರದ ಮಧ್ಯಾಹ್ನಗಳು ಬರುವುದನ್ನೇ ಅವನು ಕಾಯುತ್ತಿದ್ದ.

ಪಕ್ಕದ ಮನೆಯ ಬಾಳಪ್ಪ ಕಾಕಾ ಸಹ ಹತ್ತಿ ಬರತೊಡಗಿದರು. ಎರಕದ ಕಾರಖಾನೆಯಲ್ಲಿ ದುಡಿದು ಕೆಮ್ಮು ಸಂಪಾದಿಸಿಕೊಂಡು ನಿವೃತ್ತರಾದವರು. ಕಿಂಡಿಯ ಎದುರಿನ ಜಾಗಕ್ಕೆ ಇಬ್ಬರ ನಡುವೆ ಪ್ರತಿ ಸಲ ತಕರಾರು.

"ಸರಿ ಅತ್ತಾಗ. ನೀ ಬಿಟ್ಟ ಹೊಗಿನ ಕುಡದು ಕುಡದು ನನಗ ಕೆಮ್ಮು ಬಂದೈತಿ," ಎಂದು ಬಾಳಪ್ಪ ಕಾಕಾ ಸೀಟಿನ ಮೇಲೆ ಜಾಗ ಮಾಡಿಕೊಳ್ಳುತ್ತಿದ್ದರು. "ಪೆಟ್ರೋಲ್ ಒಳಗ ಸೀಮಿಎಣ್ಣಿ ಹಾಕಿ ಓಡಿಸ್ದಂವ ನೀ."

"ಹಾಕೀನಿ. ಇಲ್ಲಂದ್ನೇನ?" ಚಾಚಾ ನಗಲು ಹೋಗಿ ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ಕಣ್ಣು ಒರೆಸಿಕೊಂಡು ರಸ್ತೆ ನೋಡುತ್ತಿದ್ದರು. "ಇಪ್ಪತ್ತೇಳು ವರ್ಷ ಬಿಟ್ಟ ಹೊಗಿ. ಎಲ್ಲಿ ಹೋಗಿರತೈತಿ ಹೇಳು? ಮನಿ ಹುಡಿಕ್ಕೊಂಡು ಬಂದೈತಿ."

ಕೆಳಗೆ ರಸ್ತೆಯಲ್ಲಿ ಆಟೊಗಳು ನೀಲಿ ಹೊಗೆ ಬಿಡುತ್ತ ಏರು ಹತ್ತುತ್ತಿದ್ದವು. ಅವುಗಳ ಬೆನ್ನಿಗೆ ಉಸುಕು, ಇಟ್ಟಂಗಿ ತುಂಬಿದ ಲಾರಿಗಳು. ಊರು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿತ್ತು. ಹೆದ್ದಾರಿ ಅಗಲವಾಗುತ್ತಿತ್ತು. ರಾಮಲಿಂಗ ಓದಲು ಬಂದ ವರ್ಷ ಆ ರಸ್ತೆಯ ಬದಿಗೆ ಸಾಲು ಗಿಡಗಳಿದ್ದವು, ಈಗ ಅವುಗಳ ಬೊಡ್ಡೆ ಸಹ ಉಳಿದಿರಲಿಲ್ಲ.

ಕಾಗದ ಬಿಚ್ಚುವ ಹೊತ್ತಿಗೆ ಒಂದು ಆಟ ನಡೆಯುತ್ತಿತ್ತು. ಮುಚ್ಚಳ ತೆಗೆಯುವ ಮೊದಲು ಚಾಚಾ ಬಣ್ಣ ಹೇಳಬೇಕು. ಮಳೆ ಬಿದ್ದ ಮರುದಿನವಾದರೆ "ಜ್ವಾಳದ ಹಿಟ್ಟು", ಸಾಧಾರಣ ದಿನವಾದರೆ "ಬೂದಿ", ಮದುವೆ ಸುಗ್ಗಿ, ಲಾರಿಗಳ ಸಾಲು ಇದ್ದ ದಿನ "ಹಂಚಿನ ತಳ", ರೊಟ್ಟಿ ಸುಡುವ ಹಂಚಿನ ಮಸಿ ಹಿಡಿದ ತಳ. ರಾಮಲಿಂಗ ಕಾಗದವನ್ನು ಚಿಮುಟದಿಂದ ಎತ್ತಿ ತೋರಿಸುತ್ತಿದ್ದ. ಹತ್ತಕ್ಕೆ ಎಂಟು ಸಲ ಚಾಚಾ ಗೆಲ್ಲುತ್ತಿದ್ದರು.

"ತಕ್ಕಡಿ ಯಾಕ ಬೇಕೋ ನಿಮ್ಮ ಸಾಹೇಬರಿಗೆ? ನನ್ನ ಎದಿ ಕೇಳಿದ್ರ ಹೇಳತೈತಿ."

ಪ್ರಯೋಗಾಲಯದ ಮುಖ್ಯಸ್ಥ ಗುರುಪುತ್ರಪ್ಪನವರು ಕಾಗದದ ತೂಕವನ್ನಷ್ಟೇ ಕೇಳುತ್ತಿದ್ದರು, ಬಣ್ಣವನ್ನು ಎಂದೂ ಕೇಳಿರಲಿಲ್ಲ. ತೂಗುವ ಕೋಣೆಯಲ್ಲಿ ಗಾಳಿ ಆಡಬಾರದೆಂದು ಕಿಟಕಿ ಮುಚ್ಚಿರುತ್ತಿದ್ದರು, ಫ್ಯಾನು ಸಹ ಹಾಕುತ್ತಿರಲಿಲ್ಲ. ಅಲ್ಲಿ ಒಬ್ಬನೇ ಕೂತು ತಕ್ಕಡಿಯ ಅಂಕಿ ನಿಲ್ಲುವುದನ್ನು ಕಾಯುವಾಗ ರಾಮಲಿಂಗನ ಕಿವಿಯಲ್ಲಿ ಚಾಚಾನ ದನಿ ಕೇಳುತ್ತಿತ್ತು. ಒಂದೊಂದು ಸಲ ತನಗೇ ತಿಳಿಯದ ಹಾಗೆ ನಕ್ಕುಬಿಡುತ್ತಿದ್ದ.

ಜನವರಿಯಲ್ಲಿ ಯಂತ್ರದ ಮೋಟಾರು ಕರಕರ ಎನ್ನತೊಡಗಿತು. ಒಳಗಿನ ಕಾರ್ಬನ್ ಬ್ರಶ್ಶುಗಳು, ತಿರುಗುವ ಭಾಗಕ್ಕೆ ತಾಗಿ ಕರೆಂಟು ಹಾಯಿಸುವ ಇದ್ದಲಿನ ತುಂಡುಗಳು, ಸವೆದಿವೆ ಎಂದು ರಾಮಲಿಂಗನಿಗೆ ತಿಳಿಯಿತು. ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಒಯ್ದರೆ ಎರಡು ವಾರ ಯಂತ್ರ ಬಂದ್. ಯಂತ್ರ ಬಂದಾದರೆ ತಾರಸಿ ಹತ್ತಲು ಅವನಿಗೆ ಏನು ನೆಪ? ನಡೆಯುವಷ್ಟು ದಿನ ನಡೆಯಲಿ ಎಂದು ಬಿಟ್ಟ.

ಫೆಬ್ರುವರಿಯ ಒಂದು ಗುರುವಾರ ಶಮಶಾದ ಚಾಚಿ ಅವನ ಕೈಗೊಂದು ಪೊಟ್ಟಣ ಕೊಟ್ಟರು.

"ರವಿವಾರ ಊರಿಗೆ ಹೊಂಟೀನಿ ಅಂದ್ಯಲ್ಲ. ಖಾನಾಪುರದಾಗ ಬಸ್ ಬದಲಿ ಮಾಡ್ತಿಯಲ್ಲ, ಸ್ಟ್ಯಾಂಡ್ ಬಾಜೂಕ ಸಾದಿಕನ ಸೈಕಲ್ ಅಂಗಡಿ. ನಮ್ಮ ಮಗಳು ಸನಮನ ಗಂಡ. ಮೊಮ್ಮಗಳಿಗೆ ಫ್ರಾಕ್ ಹೊಲದೀನಿ, ಇಷ್ಟ ಮುಟ್ಟಿಸು."

ಖಾನಾಪುರದಲ್ಲಿ ಬಸ್ಸಿಳಿದಾಗ ವ್ಯತ್ಯಾಸ ಮೊದಲು ಗೊತ್ತಾದದ್ದು ರಾಮಲಿಂಗನ ಮೂಗಿಗೆ. ಹೊಗೆಯ ವಾಸನೆಯೇನೂ ಇರಲಿಲ್ಲ. ಹಸಿ ಮಣ್ಣು, ಒಣಗಿದ ಎಲೆ, ಅಷ್ಟೇ. ಬೆಳಗಾವಿಯಲ್ಲಿ ಸದಾ ಗಂಟಲಿನಲ್ಲಿ ಕೂತಿರುತ್ತಿದ್ದ ಏನೋ ಒಂದು ಅಲ್ಲಿ ಇರಲಿಲ್ಲ.

ಸಾದಿಕ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಿದ್ದ. ಅವನು ಕೈ ತೊಳೆಯದೆ, ಮೊಣಕೈಯಿಂದಲೇ ಹಿಂದಿನ ಮನೆ ತೋರಿಸಿದ. ಸನಮ ಬಾಗಿಲಿಗೆ ಬಂದು, ಯಾರೆಂದು ತಿಳಿದದ್ದೇ ಸೆರಗು ಸರಿಪಡಿಸಿಕೊಂಡು ಒಳಗೆ ಕರೆದಳು.

"ಮಷಿನ್ ಅಣ್ಣಾರು ನೀವಾ? ಬರ್ರಿ, ಕುಂದರ್ರಿ. ನಿಮ್ಮ ಸುದ್ದಿ ಬಿಟ್ಟು ಬ್ಯಾರೆ ಮಾತಿಲ್ಲ ಅಬ್ಬಾಗ."

ಚಹಾಕ್ಕಿಟ್ಟು, ಅವನನ್ನು ಹಿತ್ತಿಲ ಕಡೆಯ ಕೋಣೆಗೆ ಕರೆದೊಯ್ದಳು. ಹೊಸದಾಗಿ ಸುಣ್ಣ ಬಳಿದ ಚಿಕ್ಕ ಕೋಣೆ. ಮೂಡಣ ಗೋಡೆ ಒಡೆದು ಕಿಟಕಿಯನ್ನು ದೊಡ್ಡದು ಮಾಡಿಸಿದ್ದರು. ಕಿಟಕಿಗೆ ತಾಗಿ ಒಂದು ಮಂಚ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಂಗಿ.

"ಅಬ್ಬಾಗ ಸಪಾಟ ಮಲಗಾಕ ಆಗಾಂಗಿಲ್ಲ, ಉಸರ ಕಟ್ಟತೈತಿ. ಅದಕ್ಕ ಎತ್ತರ ಮಾಡಿಸೀನಿ," ಎಂದಳು. "ಮಳಿಗಾಲದಾಗ ನೆಹರು ನಗರದ ದೊಡ್ಡ ದವಾಖಾನಿ ಡಾಕ್ಟರ್ ಹೇಳ್ಯಾರ, ಆ ರೋಡ್ ಬಾಜೂಕ ಇರಬ್ಯಾಡ್ರಿ, ಊರ ಬಿಡ್ರಿ ಅಂತ. ಅಬ್ಬಾ ಹೂಂ ಅಂದಿದ್ರು. ದೀಪಾವಳಿ ಆದಮ್ಯಾಲ ಬರ್ತೀವಿ ಅಂದಿದ್ರು. ಗಾದಿ ಹಾಸಿ ನಾಕ್ ತಿಂಗಳಾತು."

ರಾಮಲಿಂಗ ಮಂಚ ನೋಡುತ್ತಿದ್ದ. ದುಪ್ಪಟಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

"ಈಗ ಕೇಳಿದ್ರ, ಸರಕಾರದವರು ನಮ್ಮ ಮಾಳಗಿ ಮ್ಯಾಲ ಮಷಿನ್ ಕುಂದ್ರಿಸ್ಯಾರ, ಹೊಗಿ ಎಲ್ಲಾ ಅದ ಕುಡೀತೈತಿ, ಈಗೇನ್ ಚಿಂತಿ ಇಲ್ಲ ಅಂತಾರ." ಅವಳು ಕಿಟಕಿಯ ಸರಳು ಹಿಡಿದು ನಿಂತಳು. "ಖರೇ ಹಗರ ಆಗೇತೇನ್ರಿ ಅಣ್ಣಾರ? ನೀವು ಕಣ್ಣಾರೆ ನೋಡ್ತೀರಿ. ನೀವು ಹೌದಂದ್ರ ನಾ ಸುಮ್ನ ಆಗ್ತೀನಿ."

ಹಿತ್ತಿಲಲ್ಲಿ ಕೋಳಿಯೊಂದು ಎಲೆ ಕೆದರುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಇಲ್ಲಿ ಕೂಗಬೇಕಾಗಿರಲಿಲ್ಲ. ಪಿಸುಗುಟ್ಟಿದ್ದರೂ ಕೇಳುತ್ತಿತ್ತು.

"ನಾ ಮಷಿನ್ ಅಷ್ಟ ನೋಡ್ತೀನ್ರಿ," ಎಂದ ರಾಮಲಿಂಗ.

ಅವಳು ಸರಳು ಬಿಟ್ಟು ಚಹಾ ತರಲು ಹೋದಳು. ಹೊರಡುವಾಗ ಸಾದಿಕ ಅಂಗಡಿಯ ಫೋನ್ ನಂಬರನ್ನು ಚೀಟಿಯ ಮೇಲೆ ಬರೆದುಕೊಟ್ಟ. "ಅವರಿಗೆ ಏನರ ಹೆಚ್ಚುಕಡಿಮಿ ಆದ್ರ ಒಂದ್ ಫೋನ್ ಹಚ್ರಿ."

ರಾಮಲಿಂಗ ಪಾರಿಶ್ವಾಡದ ಬಸ್ಸು ಹತ್ತಲಿಲ್ಲ. ಖಾನಾಪುರದ ನಿಲ್ದಾಣದಲ್ಲಿ ಎರಡು ತಾಸು ಕೂತಿದ್ದು ಬೆಳಗಾವಿಯ ಬಸ್ಸಿಗೇ ತಿರುಗಿದ. ಹೇಳಿದರೆ ಅವರು ಊರು ಬಿಡುತ್ತಾರೆ. ಹೇಳದಿದ್ದರೆ ಅಲ್ಲೇ, ಆ ಕಿಂಡಿಯ ಎದುರು ಇರುತ್ತಾರೆ. ಇಷ್ಟು ದಿನ ಈ ಎರಡು ಮಾತನ್ನು ಅವನು ಎದುರುಬದುರು ಇಟ್ಟು ನೋಡಿರಲಿಲ್ಲ. ನಾಳೆ ಸೋಮವಾರ, ನಾಳೆಯೇ ಹೇಳಬೇಕು ಎಂದುಕೊಂಡ.

ಸೋಮವಾರ ಹೇಳಲಿಲ್ಲ. ಚಾಚಾ "ಹಂಚಿನ ತಳ" ಎಂದರು. ಕಾಗದ ಹಂಚಿನ ತಳವೇ ಆಗಿತ್ತು. ಚಾಚಿ ಮೊಮ್ಮಗಳಿಗೆ ಫ್ರಾಕ್ ಸರಿಯಾಯಿತೇ ಎಂದು ಮೂರು ಸಲ ಕೇಳಿದರು. ಅವರು ಅಷ್ಟು ಸಂತೋಷದಲ್ಲಿದ್ದಾಗ ಹೇಗೆ ಹೇಳುವುದು ಎಂದು ಚಹಾ ಕುಡಿದು ಇಳಿದ.

ಗುರುವಾರ ತಾರಸಿಯ ಬಾಗಿಲಲ್ಲೇ ಚಾಚಿ ಅವನನ್ನು ತಡೆದರು. ಕೈಯಲ್ಲಿ ಒದ್ದೆ ಬನಿಯನ್ನು.

"ನೋಡಿಲ್ಲೆ. ಸೋಮವಾರದ್ದು. ಎಷ್ಟ ತಿಕ್ಕಿದ್ರೂ ಹೋಗವಲ್ಲದು."

ಬನಿಯನ್ನಿನ ಎದೆಯ ಭಾಗದಲ್ಲಿ ಕಾಡಿಗೆಯಂಥ ನುಣುಪು ಕಪ್ಪು ಹರಡಿತ್ತು. ಚಾಚಿಯ ಮುಖದಲ್ಲಿ ಗಾಬರಿ ಇರಲಿಲ್ಲ. ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು.

"ಒಂದ್ ತಿಂಗಳಾತು, ಮಷಿನ್ ಮುಂದ ಕೂತ ದಿನಾ ಅಷ್ಟ ಹಿಂಗ. ಎದಿ ಒಳಗ ಕೂತಿದ್ದು ಹೊರಗ ಬರಾಕತ್ತೈತಿ. ಇಪ್ಪತ್ತೇಳು ವರ್ಷದ್ದು. ಜಗ್ಗಿ ತಗ್ಯಾಕತ್ತೈತಿ ನೋಡು ನಿನ್ನ ಮಷಿನ್. ಬಾಳಪ್ಪನವರಿಗೂ ಹೇಳೀನಿ, ಮಷಿನ್ ನಡದಾಗೆಲ್ಲಾ ಬಂದು ಕುಂದರ್ರಿ ಅಂತ."

ರಾಮಲಿಂಗ ಆ ಬಟ್ಟೆಯನ್ನು ಬೆರಳಿನಿಂದ ಮುಟ್ಟಿದ. ಮೋಟಾರಿನ ಬ್ರಶ್ಶು ಸವೆದು ಉದುರಿದ ಕಾರ್ಬನ್ ಪುಡಿ. ಕಾಗದ ದಾಟಿದ ಗಾಳಿಗೆ ಮೋಟಾರು ತನ್ನದೇ ಮಸಿ ಬೆರೆಸಿ ಕಿಂಡಿಯಿಂದ ಉಗುಳುತ್ತಿತ್ತು. ಚಾಚಾ ಬಾಯಿ ತೆರೆದು ಅದನ್ನೇ ಎಳೆದುಕೊಳ್ಳುತ್ತಿದ್ದರು. ಒಂದು ತಿಂಗಳ ಹಿಂದೆ ತಾನು ಬಿಚ್ಚಿ ಒಯ್ಯಬೇಕಾಗಿದ್ದ ಮೋಟಾರು.

ಅವನು ನೇರ ಹೋಗಿ ಗುಂಡಿ ಒತ್ತಿದ. ಭೋರೆಂಬುದು ಕ್ಷೀಣಿಸುತ್ತ ನಿಂತಿತು. ಅಳತೆಯ ನಡುವೆ ಯಂತ್ರ ನಿಲ್ಲಿಸಿದ್ದು ಅದೇ ಮೊದಲು. ಸದ್ದು ಹೋದ ಮೇಲೆ ರಸ್ತೆ ಕೇಳಿಸಿತು. ರಸ್ತೆಗಿಂತ ಹತ್ತಿರದಲ್ಲಿ ಚಾಚಾನ ಎದೆ ಕೇಳಿಸಿತು. ಒಣಗಿದ ಬಿದಿರಿನಲ್ಲಿ ಗಾಳಿ ಸುಳಿದ ಹಾಗೆ ಒಂದೇ ಸಮನೆ ಸಿಳ್ಳೆ. ದೀಪಾವಳಿಯ ವಾರ ಕೇಳಿದ್ದಕ್ಕಿಂತ ಅದು ಎತ್ತರದಲ್ಲಿತ್ತು.

"ಯಾಕೋ, ಕರೆಂಟ್ ಹೋತೇನ?" ಕಣ್ಣು ತೆರೆದರು ಚಾಚಾ.

"ಇಲ್ರಿ ಚಾಚಾ. ನಾನ ಬಂದ್ ಮಾಡೀನಿ. ಅಲ್ಲಿಂದ ಏಳ್ರಿ."

"ಯಾಕ?"

"ಇದು ಹೊಗಿ ಕುಡಿಯೂ ಮಷಿನ್ ಅಲ್ರಿ."

ಬಾಳಪ್ಪ ಕಾಕಾ ಅಷ್ಟರಲ್ಲಿ ಹತ್ತಿ ಬಂದಿದ್ದರು. "ಮತ್ತೇನ್ ಬೀಸೂ ಕಲ್ಲೇನ?" ಎಂದು ನಕ್ಕರು. ಯಾರೂ ನಗದಿರುವುದನ್ನು ಕಂಡು ಅಲ್ಲೇ ನಿಂತರು.

ರಾಮಲಿಂಗ ಹೇಳಿದ. ನಿಂತಲ್ಲೇ ನಿಂತು, ನೆಲ ನೋಡುತ್ತ, ಎಲ್ಲ ಹೇಳಿದ. ಇದು ಗಾಳಿ ಎಷ್ಟು ಹೊಲಸಾಗಿದೆ ಎಂದು ನೋಡುತ್ತದೆ, ಅಷ್ಟೇ. ಇದರಿಂದ ಗಾಳಿ ಸುಧಾರಿಸುವುದಿಲ್ಲ. ಬನಿಯನ್ನಿನ ಮೇಲಿನದು ಎದೆಯಿಂದ ಬಂದದ್ದಲ್ಲ, ಮೋಟಾರಿನಿಂದ ಬಂದದ್ದು, ಎದೆಗೆ ಹೋಗಿದ್ದು. ಬೆಳಗಾವಿಗೆ ಬಂದ ಹದಿನೈದು ವರ್ಷದಲ್ಲಿ ಅವನು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಚಾಚಾ ಸೀಟಿನಿಂದ ಎದ್ದಿರಲಿಲ್ಲ. ಅಂಗೈಯನ್ನು ಕಿಂಡಿಯ ಅಂಚಿಗೆ ಒರೆಸಿ, ಹತ್ತಿದ ಕಪ್ಪನ್ನು ನೋಡಿಕೊಂಡರು.

"ಮೊದಲನೇ ದಿನಾನ ಕೇಳಿದ್ನಲ್ಲ ನಾ."

"ಹೌದ್ರಿ."

"ನೀ ಹೌದಂತ ತಲಿ ಅಲ್ಲಾಡಿಸಿದಿ."

"ಹೌದ್ರಿ."

"ಆ ಮ್ಯಾಲ ಮೂರ್ ತಿಂಗಳು?"

ರಾಮಲಿಂಗನ ಬಾಯಿಗೆ ಏನೇನೋ ಬಂದವು. ಶುಂಠಿ ಚಹಾ, ಈ ಸೀಟು, ಕಾಗದದ ಬಣ್ಣ, ತೂಗುವ ಕೋಣೆ. "ಹೇಳಿದ್ರ ನೀವು ಎದ್ದು ಹೋಗಿಬಿಡ್ತಿದ್ರಿ," ಎಂದ.

ಶಮಶಾದ ಚಾಚಿ ಬನಿಯನ್ನನ್ನು ಹಿಂಡುತ್ತಲೇ ಇದ್ದರು, ನೀರೆಲ್ಲ ಹೋದ ಮೇಲೂ.

"ಮಗಳು ಕರದಾಗೊಮ್ಮೆ ಬ್ಯಾಡ ಬ್ಯಾಡ ಅಂದೆ. ಆ ಹುಡುಗಿ ಫೋನ್‌ನ್ಯಾಗ ಅತ್ತಾಳ. ನಿನ್ನ ಮಾತ್ ನಂಬಿ ಬ್ಯಾಡ ಅಂದೆ ನಾ."

"ನಾ ಮಾತಾಡೇ ಇಲ್ರಿ ಚಾಚಿ."

"ಅದ," ಎಂದರು ಚಾಚಿ. "ಅದನ್ನ ಹೇಳಾಕತ್ತೀನಿ."

ಅವರು ಕೆಳಗಿಳಿದು ಹೋದರು. ಬಾಳಪ್ಪ ಕಾಕಾ ಕೆಮ್ಮು ಬಂದರೂ ತಡೆದುಕೊಂಡು ಹಿಂದೆಯೇ ಇಳಿದರು. ಚಾಚಾ ಏಳಲು ನೋಡಿದಾಗ ರಾಮಲಿಂಗ ರಟ್ಟೆ ಹಿಡಿದ. ಚಾಚಾ ಕೈ ಬಿಡಿಸಿಕೊಳ್ಳಲಿಲ್ಲ, ಅವನ ಮೇಲೆ ಭಾರವನ್ನೂ ಹಾಕಲಿಲ್ಲ. ಮೆಟ್ಟಿಲವರೆಗೆ ಬಂದು, ಗೋಡೆ ಹಿಡಿದುಕೊಂಡು, ಒಬ್ಬರೇ ಇಳಿದರು. ಮೂರು ಮೆಟ್ಟಿಲಿಗೊಮ್ಮೆ ಅಲ್ಲ, ಈಗ ಒಂದೊಂದಕ್ಕೂ ನಿಲ್ಲುತ್ತಿದ್ದರು.

ಅಂದು ಚಹಾ ಬರಲಿಲ್ಲ.

ಅವನು ಮೋಟಾರು ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ದ. ಯಂತ್ರ ನಿಂತದ್ದಕ್ಕೆ ಗುರುಪುತ್ರಪ್ಪನವರು ಬೈದರು. ಬ್ರಶ್ಶು ಜನವರಿಯಲ್ಲೇ ಸವೆದಿದ್ದವು, ತಿಳಿದೂ ಒಂದು ತಿಂಗಳು ಓಡಿಸಿದೆ ಎಂದು ಅವನೇ ಹೇಳಿದಾಗ ಇನ್ನಷ್ಟು ಬೈದರು. ಆ ತಿಂಗಳ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದರು. ಬೈಸಿಕೊಳ್ಳುವಾಗ ರಾಮಲಿಂಗನಿಗೆ ಹಾಯೆನಿಸಿತು. ತಾರಸಿಯ ಮೇಲೆ, ಬೈಯಬೇಕಾದವರು ಬೈದಿರಲಿಲ್ಲವಲ್ಲ.

ಹದಿನೈದು ದಿನ ಬಿಟ್ಟು ಸೋಮವಾರ ಬೆಳಿಗ್ಗೆ ಮೋಟಾರು ಹೊತ್ತುಕೊಂಡು ಹೋದಾಗ ಮನೆಗೆ ಬೀಗ. ಬಾಳಪ್ಪ ಕಾಕಾ ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ತಾರಸಿಯ ಕೀಲಿಕೈಯನ್ನು ಮುಂದೆ ಹಿಡಿದರು.

"ಹ್ವಾದ ರವಿವಾರನ ಹ್ವಾದ್ರು. ಅಳಿಯ ಟೆಂಪೊ ತಂದಿದ್ದ."

"ಏನರ ಹೇಳ್ಯಾರೇನ್ರಿ?"

"ನಿನಗ ಕೀಲಿ ಕೊಡು ಅಂದಾನ ಕಲಂದರ." ಬಾಳಪ್ಪ ಕಾಕಾ ಕೀಲಿಯನ್ನು ಅವನ ಅಂಗೈಗೆ ಹಾಕಿ, "ನೀನರ ಮ್ಯಾಲೆ ಹೋಗಿ ಭಾಳೊತ್ತು ಕುಂದರಬ್ಯಾಡೋ. ಒಳ್ಳೇದಲ್ಲ," ಎಂದರು.

ತಾರಸಿಯ ಮೇಲೆ ಎಲ್ಲ ಇದ್ದ ಹಾಗೇ ಇತ್ತು. ಬಟ್ಟೆ ಒಣಹಾಕುವ ತಂತಿ ಬರಿದಾಗಿತ್ತು. ಆಟೊ ಸೀಟನ್ನು ಒಯ್ದಿರಲಿಲ್ಲ. ಕಿಂಡಿಯ ಎದುರೇ ಇತ್ತು. ಅದರ ಮೇಲೆ ಹದಿನೈದು ದಿನದ ಧೂಳು ಕೂತಿತ್ತು, ನಡುವೆ ಕೂರುವ ಜಾಗ ಮಾತ್ರ ಇನ್ನೂ ತಗ್ಗಾಗಿತ್ತು. ರಾಮಲಿಂಗ ಮೋಟಾರು ಕೂಡಿಸಿ, ಕಾಗದ ಹಾಸಿ, ಗುಂಡಿ ಒತ್ತಿದ. ಕರಕರ ಇರಲಿಲ್ಲ. ಸೀಟನ್ನು ಎಳೆದು ದೂರದ ಮೂಲೆಗೆ ಸರಿಸಿದ. ಕೂರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಕಾಗದ ಬಿಚ್ಚಿದ. ಚಿಮುಟದಿಂದ ಎತ್ತಿ ಬೆಳಕಿಗೆ ಹಿಡಿದಾಗ ತುಟಿಯವರೆಗೆ ಬಂದ ಬಣ್ಣದ ಹೆಸರು ಅಲ್ಲೇ ನಿಂತಿತು. ಮಡಿಸಿ ಲಕೋಟೆಗೆ ಹಾಕಿದ. ತಾರಸಿಗೆ ಬೀಗ ಹಾಕಿ, ಇಳಿದು, ರಸ್ತೆಯ ಆಚೆ ಬದಿಯ ಟೆಲಿಫೋನ್ ಬೂತಿನ ಗಾಜಿನ ಬಾಗಿಲು ತಳ್ಳಿದ. ಅಂಗಿಯ ಕಿಸೆಯಲ್ಲಿ ಸಾದಿಕನ ಚೀಟಿ ನಾಲ್ಕು ಮಡಿಕೆಯಾಗಿ ಮೆತ್ತಗಾಗಿತ್ತು.

ಎತ್ತಿದವನು ಸಾದಿಕ. "ನಾ ರಾಮಲಿಂಗರಿ, ಮಷಿನಿಂದು," ಎಂದ. ಆ ಕಡೆ ಸೈಕಲ್ಲಿನ ಗಾಲಿ ತಿರುಗುವ ಸದ್ದು. ಯಾರೋ ಯಾರನ್ನೋ ಕೂಗಿದರು. ಬಹಳ ಹೊತ್ತು ಯಾರೂ ಬರಲಿಲ್ಲ. ಇಟ್ಟುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಚಪ್ಪಲಿ ಎಳೆಯುತ್ತ ಬರುವ ಸದ್ದು ಕೇಳಿಸಿತು. ಅದು ಅವನಿಗೆ ಗುರುತಿದ್ದ ನಡಿಗೆ. ರಿಸೀವರು ಕೈ ಬದಲಾಯಿತು.

ಬೂತಿನ ಗಾಜಿನ ಹೊರಗೆ ಲಾರಿಯೊಂದು ಏರಿನಲ್ಲಿ ನಿಂತು ಕಪ್ಪಗೆ ಕಾರುತ್ತಿತ್ತು.

"ಇವತ್ತ?" ಎಂದರು ಚಾಚಾ, ಕಡೆಗೆ.

"ಹಂಚಿನ ತಳರಿ."

ಆ ಕಡೆ ಫೋನ್ ಇಡಲಿಲ್ಲ. ಉಸಿರು ಕೇಳಿಸುತ್ತಿತ್ತು. ರಾಮಲಿಂಗ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಆ ಉಸಿರಿನಲ್ಲಿ ಸಿಳ್ಳೆ ಇದೆಯೋ ಇಲ್ಲವೋ ಎಂದು ಆಲಿಸುತ್ತ ನಿಂತ. ಇಲ್ಲವೆಂದೇ ಅನಿಸಿತು. ಲಾರಿ ಮುಂದೆ ಹೋಗಲಿ, ಆಗ ಸರಿಯಾಗಿ ಕೇಳಿಸೀತು ಎಂದು ಕಾದ. ಅದು ಹೋಯಿತು. ಅದರ ಹಿಂದೆ ಇನ್ನೊಂದು ಬಂತು.